ಕೊಡಗಿನ ತಳಮೀನುಗಳ ಲೆಕ್ಕ: ಭಾಗಮಂಡಲ, ಹಟ್ಟಿಹೊಳೆ, ಹಾರಂಗಿ, ವಾಲ್ನೂರು

ಮಡಿಕೇರಿ, ಹೊರಡುವ ಮುನ್ನಾದಿನ

ಕೊಡಗಿನ ಹೊಳೆಗೆ ಇಳಿಯಲು ನವೆಂಬರ್ ಕೊನೆಯ ವಾರ ಹದವಾದ ಹೊತ್ತು. ಮುಂಗಾರಿನ ಕೆಂಪು ನೀರು ಇಳಿದು ತಳದ ಕಲ್ಲು ಕಾಣುತ್ತಿರುತ್ತದೆ. ಹಿಂಗಾರಿನ ಮಳೆಯೂ ಬಹುಮಟ್ಟಿಗೆ ಮುಗಿದಿರುತ್ತದೆ. ಮೊಣಕಾಲು ಮಟ್ಟದಿಂದ ತೊಡೆಮಟ್ಟದವರೆಗಿನ ನೀರಿನಲ್ಲಿ ಗಟ್ಟಿಯಾಗಿ ನಿಂತು ಕೆಲಸ ಮಾಡಬಹುದು. ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿದ್ದರೂ ಎಲ್ಲ ತೋಟಗಳ ಹಣ್ಣು ಸುಲಿಯುವ ಪಲ್ಪರ್‌ಗಳು ಇನ್ನೂ ಪೂರ್ತಿ ಓಡುತ್ತಿರುವುದಿಲ್ಲ.

ಈ ಪ್ರವಾಸದಲ್ಲಿ ಹುಡುಕುವುದು ನೀರಿನ ತಳದಲ್ಲೇ ಬಾಳುವ ಮೀನುಗಳನ್ನು. ಬಂಡೆಗೆ ಅಂಟಿ ನಿಲ್ಲುವ ಗಾರಾ ಮತ್ತು ಭವಾನಿಯಾ, ಕಲ್ಲಡಿ ನುಸುಳುವ ಶಿಸ್ಟುರಾ, ಕತ್ತಲಾದ ಮೇಲೆ ಮರಳು ಕೆಸರಿನ ಮೇಲೆ ಹೊರಡುವ ಗಿರ್ಲು, ಹಾವುಮೀನು, ಬಾಳೆಮೀನು. ಮೇಲೆ ಈಜುವ ಮೀನು ದಂಡೆಯಲ್ಲಿ ನಿಂತವರ ಕಣ್ಣಿಗೆ ಬೀಳುತ್ತದೆ, ದೊಡ್ಡದಾದರೆ ಸಂತೆಗೂ ಬರುತ್ತದೆ. ತಳದ ಮೀನುಗಳಲ್ಲಿ ಹೆಚ್ಚಿನವು ಬೆರಳುದ್ದದವು, ಕೊಳ್ಳುವವರೂ ಇಲ್ಲ, ವಿಚಾರಿಸುವವರೂ ಇಲ್ಲ. ಹೊಳೆಯ ತಳ ಕೆಟ್ಟಾಗ ಮೊದಲು ಕಾಣೆಯಾಗುವವು ಮಾತ್ರ ಇವೇ.

ಕಡಲಿನಲ್ಲಿ ತಳಮೀನುಗಳ ಸಮೀಕ್ಷೆಯನ್ನು ದೋಣಿಯ ಹಿಂದೆ ತಳ ಗುಡಿಸುತ್ತಾ ಎಳೆಯುವ ಟ್ರಾಲ್ ಬಲೆಯಿಂದ ಮಾಡುತ್ತಾರೆ. ಗಂಟೆಗೆ 3 ನಾಟಿಕಲ್ ಮೈಲಿ ವೇಗದಲ್ಲಿ ಅರ್ಧ ಗಂಟೆ ಎಳೆದರೆ ಬಲೆ ಸುಮಾರು 2,780 ಮೀಟರ್ ದೂರ ಸಾಗುತ್ತದೆ. ಬಲೆಯ ರೆಕ್ಕೆಗಳ ನಡುವೆ 15 ಮೀಟರ್ ಅಗಲವಿದ್ದರೆ ಅದು ಗುಡಿಸಿದ ತಳ ಸುಮಾರು 4 ಹೆಕ್ಟೇರ್. ಸಿಕ್ಕ ಮೀನಿನ ತೂಕವನ್ನು ಈ ಹೆಕ್ಟೇರಿಗೆ ಭಾಗಿಸಿದಾಗಲೇ ಒಂದು ವರ್ಷವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದಾದ ಅಂಕಿ ಹುಟ್ಟುತ್ತದೆ. ಕೊಡಗಿನ ಹೊಳೆಯಲ್ಲಿ ಟ್ರಾಲ್ ನಡೆಯದು, ಆದರೆ ನಿಯಮ ಇದೇ. ಎಷ್ಟು ತಳ ಹುಡುಕಿದೆವು, ಎಷ್ಟು ಹೊತ್ತು ಬಲೆ ಬಿಟ್ಟೆವು ಎಂದು ಬರೆಯದೆ ಬರೀ ಸಿಕ್ಕ ಮೀನನ್ನು ಎಣಿಸಿದರೆ ಅದು ಸಮೀಕ್ಷೆ ಆಗುವುದಿಲ್ಲ, ಮೀನು ಹಿಡಿದದ್ದು ಅಷ್ಟೇ ಆಗುತ್ತದೆ.

ಕಾಗದಪತ್ರ ಮೊದಲೇ ಮುಗಿದಿರಬೇಕು. ಮೀನುಗಾರಿಕೆ ಇಲಾಖೆಯ ಅನುಮತಿ, ಹಾರಂಗಿ ಅಣೆಕಟ್ಟೆಯ ಬಳಿ ಹೋಗಲು ಕಾವೇರಿ ನೀರಾವರಿ ನಿಗಮದ ಒಪ್ಪಿಗೆ, ಕಾಡಿನ ಅಂಚಿಗೆ ಅರಣ್ಯ ಇಲಾಖೆಯ ಒಪ್ಪಿಗೆ. ತಲಕಾವೇರಿ ಮತ್ತು ಪುಷ್ಪಗಿರಿ ವನ್ಯಧಾಮಗಳ ಒಳಗೆ ಬಲೆ ಒಯ್ಯುವ ಯೋಚನೆಯೇ ಇಲ್ಲ.

ಹಾದಿಯ ಕ್ರಮಕ್ಕೂ ಕಾರಣವಿದೆ. ಮೇಲಿನ ಹೊಳೆಗಳಿಂದ ಶುರುಮಾಡಿ ಕೆಳಗಿನ ಜಲಾಶಯಕ್ಕೆ ಬರಬೇಕು, ತಿರುಗಿಸಿ ಹೋಗಬಾರದು. ಹಾರಂಗಿಯಲ್ಲಿ ನೆನೆದ ಬಲೆಯನ್ನು ಮರುದಿನ ಭಾಗಮಂಡಲದಲ್ಲಿ ಅದ್ದಿದರೆ ಕೆಳಗಿನ ನೀರಿನ ಮೀನು ಹುಣ್ಣಿನ ರೋಗ, ಹೊರಗಿನಿಂದ ಬಂದ ಜೀವಿಗಳು ಎಲ್ಲವೂ ಮೇಲೆ ಹತ್ತುತ್ತವೆ. ಒಂದೊಂದು ಜಾಗ ಮುಗಿದ ಮೇಲೂ ಬಲೆ, ಬೂಟು, ಬಕೆಟ್ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸುವುದು ಕಡ್ಡಾಯ. ಒಣಗಲು ಬಿಸಿಲೇ ಇಲ್ಲದ ದಿನ ಎರಡನೇ ಜೋಡಿ ಬಲೆ ಬೇಕಾಗುತ್ತದೆ. ಹಾಗಾಗಿ ಎಲ್ಲವೂ ಎರಡೆರಡು.

ಮುನ್ನಾದಿನ ಸಂಜೆಯ ದೊಡ್ಡ ಕೆಲಸ ಆಮ್ಲಜನಕದ ಮೀಟರನ್ನು ಸರಿಹೊಂದಿಸುವುದು. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. ಕೊಡಗಿನ 870 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಅದೇ ನೀರು ಇಲ್ಲಿ ಹಿಡಿಯುವುದು 8.2ರ ಆಸುಪಾಸು. ಮಂಗಳೂರಿನಲ್ಲಿ ಸರಿಹೊಂದಿಸಿದ ಮೀಟರನ್ನು ಹಾಗೆಯೇ ತಂದು ಹೊಳೆಗಿಟ್ಟರೆ ಓದು ದಾರಿ ತಪ್ಪುತ್ತದೆ, ಚೆನ್ನಾಗಿರುವ ಹೊಳೆಯನ್ನು ಕೆಟ್ಟದ್ದೆಂದು ಬರೆದುಬಿಡುವ ಅಪಾಯವೂ ಇದೆ. ಒತ್ತಡದ ಅಂಕಿಯನ್ನು ಸ್ಥಳದಲ್ಲೇ ಹಾಕಿ, ಒದ್ದೆ ಬಟ್ಟೆಯ ಪಕ್ಕದ ತೇವಗಾಳಿಯಲ್ಲಿ ಇಟ್ಟು ನೂರಕ್ಕೆ ನೂರು ತೋರಿಸುವವರೆಗೆ ಕಾಯಬೇಕು.

ಮೊದಲ ದಿನ, ಭಾಗಮಂಡಲದ ಕೆಳಗೆ

ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಸಂಗಮದಲ್ಲಿ ಬಲೆ ಹಾಕುವುದಿಲ್ಲ. ಅದು ಜನ ಮೀಯುವ, ಪಿಂಡ ಬಿಡುವ ಜಾಗ. ಸಂಗಮದಿಂದ ಕೆಳಗೆ ಗದ್ದೆಗಳು ಮುಗಿದು ಹೊಳೆ ಕಲ್ಲಿನ ಮೇಲೆ ಹರಿಯುವ ಕಡೆ 50 ಮೀಟರ್ ಉದ್ದದ ತುಂಡನ್ನು ಆರಿಸಿಕೊಳ್ಳಬೇಕು. ಸುಲಭವಾಗಿ ಇಳಿಯಬಹುದು ಎಂದು ಸೇತುವೆಯ ಬುಡವನ್ನು ಆರಿಸಬಾರದು. ಅಲ್ಲಿನ ತಳ ಕಟ್ಟಡದ ಕಲ್ಲು, ಕಾಂಕ್ರೀಟು ಚೂರಿನದ್ದು, ಹೊಳೆಯದ್ದಲ್ಲ.

ಮೊದಲು ನೀರು, ಆಮೇಲೆ ಮೀನು. ಮನುಷ್ಯ ಕಾಲಿಟ್ಟು ಕದಡಿದ ನೀರಿನಲ್ಲಿ ತೆಗೆದ ಓದು ಯಾವುದಕ್ಕೂ ಬಾರದು. ಉಷ್ಣತೆ, ಆಮ್ಲಜನಕ, ಪಿಎಚ್, ವಾಹಕತೆ ಬರೆದುಕೊಂಡ ಮೇಲೆ ಹರಿವಿನ ವೇಗ. ನೀರು ಮುಕ್ಕಾಲು ಮೀಟರಿಗಿಂತ ಕಡಿಮೆ ಆಳವಿದ್ದರೆ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನ ಮಟ್ಟದಲ್ಲಿ ಮೀಟರ್ ಹಿಡಿಯಬೇಕು. ಆ ಮಟ್ಟದ ವೇಗ ಮೇಲಿನಿಂದ ತಳದವರೆಗಿನ ಇಡೀ ನೀರಿನ ಸರಾಸರಿಗೆ ಹತ್ತಿರ. ಅದಕ್ಕಿಂತ ಆಳವಿದ್ದರೆ ಎರಡು ಮಟ್ಟದಲ್ಲಿ ಅಳೆದು ಸರಾಸರಿ ತೆಗೆಯಬೇಕು.

ಆಮೇಲೆ ಕಲ್ಲೆಣಿಕೆ. ಹೊಳೆಗೆ ಅಡ್ಡಡ್ಡ ನಡೆಯುತ್ತಾ, ಹೆಜ್ಜೆಗೊಮ್ಮೆ ಕಣ್ಣು ಬೇರೆ ಕಡೆ ತಿರುಗಿಸಿ ಬೂಟಿನ ತುದಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಬೇಕು. ಕಣ್ಣಿಟ್ಟು ಎತ್ತಿದರೆ ಕೈ ತಾನಾಗಿ ದೊಡ್ಡ ಕಲ್ಲಿಗೇ ಹೋಗುತ್ತದೆ. ಉದ್ದವೂ ಅಲ್ಲದ, ದಪ್ಪವೂ ಅಲ್ಲದ ನಡುವಿನ ಅಳತೆಯನ್ನು ಸ್ಕೇಲಿನಲ್ಲಿ ತೆಗೆದು ನೂರು ಕಲ್ಲು ಪೂರೈಸಬೇಕು. 2 ಮಿಲಿಮೀಟರಿಗಿಂತ ಸಣ್ಣದು ಮರಳು, 64ರವರೆಗೆ ಜಲ್ಲಿ, 256ರವರೆಗೆ ಗುಂಡುಕಲ್ಲು, ಅದರ ಮೇಲಿನದು ಬಂಡೆ. ಪ್ರತಿ ಕಲ್ಲಿಗೂ ಇನ್ನೊಂದು ಅಂಕಿ ಇದೆ: ಅದರ ಎಷ್ಟು ಪಾಲು ಮರಳಿನಲ್ಲಿ ಹೂತಿತ್ತು. ಎತ್ತಿದ ಕಲ್ಲಿನ ಮೇಲೆ ಪಾಚಿ ಬೆಳೆದ ಭಾಗಕ್ಕೂ ಹೂತಿದ್ದ ಭಾಗಕ್ಕೂ ನಡುವೆ ಬಣ್ಣದ ಗೆರೆ ಇರುತ್ತದೆ, ಅಳೆಯುವುದು ಆ ಗೆರೆಯಿಂದ. ಈ ಅಂಕಿ ಮುಂದೆ ಹಟ್ಟಿಹೊಳೆಯಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಮೀನು ಹಿಡಿಯುವ ವಿಧಾನ ಸರಳ, ಶಿಸ್ತು ಮಾತ್ರ ಬೇಕು. 4 ಮಿಲಿಮೀಟರ್ ಕಣ್ಣಿನ, ಒಂದೂವರೆ ಮೀಟರ್ ಅಗಲದ ಬಲೆಗೆ ಎರಡು ಕೋಲು ಕಟ್ಟಿ ಇಬ್ಬರು ಹರಿವಿಗೆ ಎದುರಾಗಿ ಹಿಡಿಯುತ್ತಾರೆ. ಬಲೆಯ ಕೆಳ ಅಂಚು ತಳಕ್ಕೆ ಕಚ್ಚಿ ನಿಂತಿರಬೇಕು, ಅದಕ್ಕೇ ಅಂಚಿನುದ್ದಕ್ಕೂ ಸೀಸದ ಗುಂಡು. ಬಲೆಯ ಮುಂದೆ ಒಂದು ಚದರ ಮೀಟರ್ ಜಾಗವನ್ನು ಪೈಪಿನ ಚೌಕಟ್ಟಿನಿಂದ ಗುರುತಿಸಿ ಮೂರನೆಯವರು ಅದರೊಳಗಿನ ಕಲ್ಲುಗಳನ್ನು ಕೈಯಿಂದ ಉಜ್ಜಿ ತಿರುವಿ, ತಳವನ್ನು ಬೂಟಿನಿಂದ ಕದಡುತ್ತಾರೆ. ಎರಡು ನಿಮಿಷ, ಗಡಿಯಾರ ನೋಡಿ. ಉಜ್ಜದೆ ಬರೀ ಒದ್ದರೆ ಗಾರಾ ಬರುವುದೇ ಇಲ್ಲ, ಅದರ ಗದ್ದದ ಕೆಳಗಿರುವ ತಟ್ಟೆಯಂಥ ಅಂಗ ಬಂಡೆಗೆ ಅಷ್ಟು ಬಿಗಿಯಾಗಿ ಹಿಡಿಯುತ್ತದೆ. 50 ಮೀಟರಿನ ತುಂಡಿನಲ್ಲಿ ಇಂಥ 20 ಚೌಕ. ಎಲ್ಲಿ ಇಡಬೇಕೆಂಬುದನ್ನು ಹಿಂದಿನ ರಾತ್ರಿಯೇ ಚೀಟಿ ಎತ್ತಿ ತೀರ್ಮಾನಿಸಿರಬೇಕು. ನೀರಿಗಿಳಿದ ಮೇಲೆ ತೀರ್ಮಾನಿಸಿದರೆ ಮೀನಿರುವಂತೆ ಕಾಣುವ ಜಾಗಕ್ಕೇ ಕಾಲು ಎಳೆಯುತ್ತದೆ.

ಒಂದು ಚೌಕದಲ್ಲಿ ಎಷ್ಟು ಮೀನು ತಪ್ಪಿಸಿಕೊಳ್ಳುತ್ತದೆ ಎಂದು ತಿಳಿಯಲು ಬೇರೆಯೇ ಒಂದು ತುಂಡನ್ನು ಮೇಲೂ ಕೆಳಗೂ ತಡೆಬಲೆಯಿಂದ ಮುಚ್ಚಿ ಎರಡು ಸಲ ಪೂರ್ತಿ ಬಾಚಬೇಕು. ಉದಾಹರಣೆಗೆ ಮೊದಲ ಸುತ್ತಿನಲ್ಲಿ 30, ಎರಡನೆಯದರಲ್ಲಿ 12 ಸಿಕ್ಕಿತೆನ್ನಿ. ಮೊದಲ ಅಂಕಿಯ ವರ್ಗವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ, 900 ಭಾಗಿಸು 18, ಅಂದರೆ 50. ಅಲ್ಲಿದ್ದದ್ದು ಸುಮಾರು ಐವತ್ತು ಮೀನು, ಒಂದು ಸುತ್ತಿಗೆ ಕೈಗೆ ಬಂದದ್ದು ಅದರ ನೂರಕ್ಕೆ 60. ಎರಡನೇ ಸುತ್ತಿನಲ್ಲೇ ಹೆಚ್ಚು ಸಿಕ್ಕಿದರೆ ಈ ಸೂತ್ರ ಮುರಿಯುತ್ತದೆ. ಹಾಗಾಗಲು ಸಾಮಾನ್ಯವಾಗಿ ಎರಡೇ ಕಾರಣ: ತಡೆಬಲೆಯ ಅಡಿಯಲ್ಲಿ ಕಲ್ಲಿನ ಸಂದು ಉಳಿದಿತ್ತು, ಇಲ್ಲವೇ ಮೊದಲ ಸುತ್ತಿನವರು ಕಲ್ಲನ್ನು ತಿರುವದೆ ಅಲುಗಿಸಿ ಬಿಟ್ಟರು. ಆಗ ಮೂರನೇ ಸುತ್ತು ಮಾಡಿ ಬೇರೆ ಲೆಕ್ಕ ಹಾಕಬೇಕು. ಕರೆಂಟು ಬಿಟ್ಟು ಮೀನು ಎಬ್ಬಿಸುವ ವೈಜ್ಞಾನಿಕ ಸಾಧನ ಇದೆ, ತರಬೇತಿಯೂ ವಿಶೇಷ ಅನುಮತಿಯೂ ಇಲ್ಲದೆ ಅದನ್ನು ಮುಟ್ಟಬಾರದು. ಕದ್ದು ತಂತಿ ಬಿಟ್ಟು ಮೀನು ಕೊಲ್ಲುವವರಿಗೆ ಅದೊಂದು ನೆಪವಾಗುವುದೂ ಬೇಡ.

ಬಲೆ ಎತ್ತಿದಾಗ ಎಲೆಕಸದ ನಡುವೆ ಚಪ್ಪಟೆಯಾಗಿ, ಒಣಗಿದ ಎಲೆಯ ಚೂರಿನಂತೆಯೇ ಒಂದು ಮಲಗಿರುತ್ತದೆ. ನೀರು ಚಿಮುಕಿಸಿದಾಗ ಮಾತ್ರ ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಬೀಸಣಿಗೆಯಂತೆ ಅಗಲಿಸುತ್ತದೆ. ಅದು ಭವಾನಿಯಾ ಆಸ್ಟ್ರಾಲಿಸ್. ಬಿಳಿ ತಟ್ಟೆಗೆ ಹಾಕಿದರೆ ತಟ್ಟೆಯ ಗೋಡೆಯನ್ನೇ ಹತ್ತಿ ನಿಲ್ಲುತ್ತದೆ. ಮೈ ಕಂದು, ಬೆನ್ನ ಮೇಲೆ ಮಾಸಿದ ಕಪ್ಪು ಕಲೆಗಳು, ಕಣ್ಣು ತಲೆಯ ಮೇಲ್ಭಾಗದಲ್ಲಿ, ಬಾಯಿ ಪೂರ್ತಿ ಕೆಳಗೆ. ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಬ್ರಿಟಿಷ್ ನಿಸರ್ಗತಜ್ಞ ಜೆರ್ಡನ್, 1849ರಲ್ಲಿ. ದಕ್ಷಿಣ ಭಾರತದ ಸಿಹಿನೀರ ಮೀನುಗಳ ಬಗ್ಗೆ ಆ ವರ್ಷ ಅವರು ಬರೆದದ್ದರಲ್ಲೇ ಕಾವೇರಿಯ ಹಲವು ತಳಮೀನುಗಳಿಗೆ ಮೊದಲ ಹೆಸರು ಸಿಕ್ಕಿತು.

ಅಳೆಯುವ ಮುನ್ನ ಮೀನಿಗೆ ಮಂಪರು ಬೇಕು, ಇಲ್ಲದಿದ್ದರೆ ಹಲಗೆಯ ಮೇಲೆ ಒದ್ದಾಡಿ ಲೋಳೆ ಕಳೆದುಕೊಳ್ಳುತ್ತದೆ. ಲವಂಗದ ಎಣ್ಣೆ ನೀರಿನಲ್ಲಿ ಕರಗದು. ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಸೇರಿಸಿ ಇಟ್ಟುಕೊಂಡ ದ್ರಾವಣದಿಂದ ಲೀಟರ್ ನೀರಿಗೆ ಅರ್ಧ ಮಿಲಿಲೀಟರ್ ಹಾಕಿದರೆ ಸಾಕು. ಮೀನು ಮಗ್ಗುಲಾದ ಕೂಡಲೇ ತೆಗೆದು ಉದ್ದವನ್ನು ಮಿಲಿಮೀಟರಿನಲ್ಲಿ, ತೂಕವನ್ನು ಗ್ರಾಮಿನ ಹತ್ತನೇ ಒಂದು ಪಾಲಿನವರೆಗೆ ಬರೆದು, ಹೊಸ ನೀರಿನ ಬಕೆಟ್ಟಿಗೆ. ಕಿವಿರು ಸರಿಯಾಗಿ ಆಡತೊಡಗಿದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಗುರುತು ಸಿಗದ ಜಾತಿಯದ್ದನ್ನು ಮಾತ್ರ, ಅದೂ ಒಂದೆರಡನ್ನು, ಉಳಿಸಿಕೊಳ್ಳುವುದು. ಅದರ ಎಡ ಮಗ್ಗುಲಿನ ಫೋಟೋ ಸ್ಕೇಲಿನ ಸಮೇತ, ಬಲ ಮಗ್ಗುಲಿನ ರೆಕ್ಕೆಯ ಚೂರು ಎಥನಾಲಿಗೆ, ಮೈ ಹತ್ತು ಪಾಲಿಗೊಂದು ಪಾಲಿನ ಫಾರ್ಮಲಿನ್‌ಗೆ. ಚೂರು ಕತ್ತರಿಸುವ ಮೊದಲೇ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಆ ಮೀನಿನ ಡಿಎನ್‌ಎ ಪರೀಕ್ಷೆ ಬಹುತೇಕ ಕೈಬಿಟ್ಟಂತೆ. ಬೆರಳಿಗಿಂತ ದೊಡ್ಡ ಮೀನಿನ ಹೊಟ್ಟೆಯ ಬಲಬದಿಗೆ ಒಂದು ಗೀರು ಹಾಕಬೇಕು, ದ್ರಾವಣ ಒಳಗಿಳಿಯದಿದ್ದರೆ ಕರುಳಿನಿಂದಲೇ ಕೊಳೆಯತೊಡಗುತ್ತದೆ.

ಎರಡನೇ ದಿನ, ಹಟ್ಟಿಹೊಳೆ ಮತ್ತು ಮಾದಾಪುರ

ಮಡಿಕೇರಿಯಿಂದ ಸೋಮವಾರಪೇಟೆ ರಸ್ತೆ ಹಿಡಿದರೆ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ. ಈ ಹೊಳೆಗಳೆಲ್ಲ ಹಾರಂಗಿಗೆ ಸೇರುವವು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳ ಜೊತೆ ಕೆಂಪು ಮಣ್ಣು ಇದೇ ಹೊಳೆಗಳಿಗೆ ಬಂದು ಬಿತ್ತು. ಮೇಲಿನ ಗಾಯಗಳ ಮೇಲೆ ಇಂದು ಹಸಿರು ಬಂದಿದೆ. ಹೊಳೆಯ ತಳದಲ್ಲಿ ಏನಾಗಿದೆ ಎಂಬುದು ರಸ್ತೆಯಿಂದ ತಿಳಿಯದು, ಇಳಿದೇ ನೋಡಬೇಕು.

ವಿಧಾನ ಭಾಗಮಂಡಲದ್ದೇ, ಒಂದಿಷ್ಟೂ ಬದಲಿಸಬಾರದು. ಅದೇ ಬಲೆ, ಅದೇ ಚೌಕಟ್ಟು, ಅದೇ ಎರಡು ನಿಮಿಷ, ಸಾಧ್ಯವಾದರೆ ಕಲ್ಲು ಉಜ್ಜುವ ಕೈಯೂ ಅದೇ. ವ್ಯತ್ಯಾಸ ಕಲ್ಲೆಣಿಕೆಯಲ್ಲಿ ಎದ್ದು ಬರುತ್ತದೆ. ಮೇಲ್ನೋಟಕ್ಕೆ ಗುಂಡುಕಲ್ಲಿನ ಹೊಳೆ, ಎತ್ತಲು ಹೋದರೆ ಕಲ್ಲು ಅಲುಗದು. ಸಂದುಗಳಲ್ಲೆಲ್ಲ ಮರಳೂ ನುಣ್ಣನೆಯ ಮಣ್ಣೂ ಇಳಿದು ಗಾರೆ ಹಾಕಿದಂತೆ ಕಚ್ಚಿಕೊಂಡಿರುತ್ತದೆ. ಶಿಸ್ಟುರಾ ಮರಿ ಬೆಳೆಯುವುದು ಆ ಸಂದುಗಳಲ್ಲಿ. ಮೀನು ತಿನ್ನುವ ನೀರಹುಳುಗಳು ಇರುವುದೂ ಅಲ್ಲೇ. ಕಲ್ಲಿದ್ದೂ ಸಂದಿಲ್ಲದ ಹೊಳೆ ತಳಮೀನಿಗೆ ಬಾಗಿಲು ಹಾಕಿದ ಮನೆ. ಬಂಡೆಯ ಮೇಲ್ಮೈ ಕೆರೆದು ತಿನ್ನುವ ಗಾರಾಗೆ ಇಷ್ಟು ತೊಂದರೆ ಇಲ್ಲ, ನೀರು ಜೋರಿರುವ ಕಡೆ ಬಂಡೆಯ ಮೇಲೆ ಮಣ್ಣು ನಿಲ್ಲದು. ಹಾಗಾಗಿ ಗಾರಾ ಇದೆಯಲ್ಲ, ಹೊಳೆ ಚೆನ್ನಾಗಿದೆ ಎಂದು ಬರೆಯುವುದು ಸಲ್ಲ. ಯಾವ ಮೀನು ಇದೆ ಎಂಬುದರಷ್ಟೇ ಯಾವುದು ಇರಬೇಕಿತ್ತು, ಇಲ್ಲ ಎಂಬುದೂ ಮುಖ್ಯ.

ಇಲ್ಲಿ ಖಾಲಿ ಚೌಕಗಳು ಬರುತ್ತವೆ. ಎರಡು ನಿಮಿಷ ಕದಡಿ ಬಲೆ ಎತ್ತಿದರೆ ಎಲೆ, ಸೀಗಡಿ, ಏಡಿಮರಿ, ಮೀನಿಲ್ಲ. ಹೊಸಬರು ತಕ್ಷಣ ಪಕ್ಕದಲ್ಲಿ ಇನ್ನೊಂದು ಚೌಕ ಹಾಕಲು ನೋಡುತ್ತಾರೆ. ಅದನ್ನು ತಡೆಯಲೇಬೇಕು. ಸೊನ್ನೆ ಎಂದು ಬರೆದು ಮುಂದಿನ ಚೀಟಿಯ ಜಾಗಕ್ಕೆ ನಡೆಯಬೇಕು. ಸೊನ್ನೆಯನ್ನು ಬಿಟ್ಟು ಮೀನು ಸಿಕ್ಕ ಚೌಕಗಳ ಸರಾಸರಿ ಮಾತ್ರ ತೆಗೆದರೆ ಹಟ್ಟಿಹೊಳೆಯೂ ಭಾಗಮಂಡಲವೂ ಒಂದೇ ಆಗಿಬಿಡುತ್ತವೆ, ಕುಸಿದ ಗುಡ್ಡದ ಲೆಕ್ಕವೇ ಅಳಿಸಿಹೋಗುತ್ತದೆ.

ಹೊಳೆಯಲ್ಲಿ ಮರಳಿಗೆ ಬೆಲೆ ಹೆಚ್ಚು, ಮಣ್ಣು ಬಂದ ಹೊಳೆಯಲ್ಲಿ ಅದನ್ನು ತೆಗೆದರೆ ಒಳ್ಳೆಯದೇ ಅಲ್ಲವೇ ಎಂದು ಊರವರು ಕೇಳುತ್ತಾರೆ. ಯಂತ್ರ ಇಳಿಸಿ ಬಾಚಿದರೆ ಮರಳಿನ ಜೊತೆ ಜಲ್ಲಿಯೂ ಗುಂಡುಕಲ್ಲೂ ಹೋಗುತ್ತವೆ, ದಂಡೆಯೂ ಕುಸಿದು ಹೊಸ ಮಣ್ಣು ಬರುತ್ತದೆ. ಸಂದುಗಳನ್ನು ತೊಳೆಯಬಲ್ಲದ್ದು ಹೊಳೆಯ ದೊಡ್ಡ ನೀರೇ, ಮೇಲಿನಿಂದ ಹೊಸ ಮಣ್ಣು ಬರುವುದು ನಿಂತರೆ. ಗುಡ್ಡದ ಇಳಿಜಾರಿನಲ್ಲಿ ಹುಲ್ಲೂ ಮರವೂ ಹಿಡಿದು ನಿಲ್ಲುವುದಕ್ಕೂ ಹೊಳೆಯ ಮೀನಿಗೂ ಇರುವ ನಂಟು ಇದು.

ಮೂರನೇ ದಿನ, ಹಾರಂಗಿ: ಬಲೆ ಬಿಡುವ ಸಂಜೆ

ಕುಶಾಲನಗರದ ಹತ್ತಿರ ಹುದ್ಗೂರಿನಲ್ಲಿ 1982ರಲ್ಲಿ ಮುಗಿದ ಅಣೆಕಟ್ಟೆ, 47 ಮೀಟರ್ ಎತ್ತರ, 846 ಮೀಟರ್ ಉದ್ದ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ. ಬಂದ ಕೂಡಲೇ ಆ ದಿನದ ಮಟ್ಟವನ್ನು ಬರೆದುಕೊಳ್ಳಬೇಕು. ಇದೇ ಜಾಗಕ್ಕೆ ಏಪ್ರಿಲಿನಲ್ಲಿ ಬಂದರೆ ಈಗ 6 ಮೀಟರ್ ಆಳವಿದ್ದ ಕಡೆ ಒಣ ನೆಲ ಸಿಗಬಹುದು.

ಇಲ್ಲಿ ಟ್ರಾಲ್ ಎಳೆಯಬಹುದಲ್ಲ, ಇಷ್ಟು ಅಗಲದ ನೀರಿದೆ ಎಂದು ಅನಿಸುವುದು ಸಹಜ. ಹರಿಗೋಲು ನಡೆಸುವ ಅಣ್ಣ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: “ಸಾರ್, ಅಡಿಗೆಲ್ಲ ಮರದ ಬುಡ ಐತೆ. ಎಳಿಯೋ ಬಲೆ ಹಾಕಿದ್ರೆ ಬಲೆನೂ ಬರಲ್ಲ, ಹಗ್ಗನೂ ಬರಲ್ಲ.” ಮುಳುಗಿದ ಕಾಡಿನ ಬುಡಗಳು ನೀರಿನಡಿ ಕೊಳೆಯದೆ ದಶಕಗಟ್ಟಲೆ ನಿಲ್ಲುತ್ತವೆ. ಎಳೆಬಲೆ ಸೋಲುವ ಕಡೆ ನಿಂತಬಲೆ ಬೇಕು, ಹಾಗಾಗಿ ತಳಕ್ಕೆ ಇಳಿಬಿಡುವ, ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್ ಬಲೆ.

ಸಮೀಕ್ಷೆಯ ಗಿಲ್ ಬಲೆ ಸಂತೆಯ ಬಲೆಯಂತಲ್ಲ. 30 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರದ ಒಂದೇ ಬಲೆಯಲ್ಲಿ ಎರಡೂವರೆ ಮೀಟರಿನ 12 ತುಂಡುಗಳು. ಗಂಟಿನಿಂದ ಗಂಟಿಗೆ 5 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ ಒಂದೊಂದು ತುಂಡಿಗೆ ಒಂದೊಂದು ಅಳತೆಯ ಕಣ್ಣು, ಚಿಕ್ಕದು ದೊಡ್ಡದು ಬೆರೆಸಿ ಜೋಡಿಸಿದ್ದು. ಉತ್ತರ ಯುರೋಪಿನ ಸರೋವರಗಳಿಗೆಂದು ರೂಪಿಸಿದ ಈ ಬಲೆ ಸಮೀಕ್ಷೆಗಳಲ್ಲಿ ಬಹಳ ಕಡೆ ಬಳಕೆಯಲ್ಲಿದೆ. ಒಂದು ಅಳತೆಯ ಕಣ್ಣು ಒಂದು ಗಾತ್ರದ ಮೀನನ್ನೇ ಹಿಡಿಯುತ್ತದೆ. ಸಣ್ಣದು ತೂರಿಹೋಗುತ್ತದೆ, ದೊಡ್ಡದಕ್ಕೆ ತಲೆಯೇ ಹೋಗದು. ಒಂದೇ ಕಣ್ಣಿನ ಬಲೆ ಬಿಟ್ಟು ಜಲಾಶಯದ ಮೀನೆಲ್ಲ ಒಂದೇ ಗಾತ್ರದ್ದು ಎಂದು ತೀರ್ಮಾನಿಸುವ ತಪ್ಪು ಹೀಗೇ ಆಗುವುದು. ಬಲೆ ಕೊಳ್ಳುವಾಗ ಇನ್ನೊಂದು ಎಚ್ಚರ: ಮೀನುಗಾರರು ಕಣ್ಣನ್ನು ಎಳೆದು ಹಿಡಿದು ಅಳೆಯುತ್ತಾರೆ. ಅವರ 110 ಎಂದರೆ ಸಮೀಕ್ಷೆಯ 55.

ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನದಕ್ಕೆ ಸೀಸ. ತಳಕ್ಕೆ ಬಿಡುವ ಬಲೆಯಲ್ಲಿ ಸೀಸದ ಭಾರ ಬೆಂಡಿನ ಎತ್ತುವ ಬಲವನ್ನು ಮೀರಿರಬೇಕು. 60 ಮೀಟರ್ ಜಾಲವನ್ನು 30 ಮೀಟರ್ ಹಗ್ಗಕ್ಕೆ ಕಟ್ಟಿದಾಗ ಕಣ್ಣು ಸರಿಯಾಗಿ ತೆರೆದು ಜಾಲ ಸಡಿಲವಾಗಿ ನಿಲ್ಲುತ್ತದೆ. ಬಿಗಿಯಾಗಿ ಕಟ್ಟಿದ ಬಲೆಗೆ ಮೀನು ತಾಗಿ ಹಿಂದಿರುಗುತ್ತದೆ.

ಎಲ್ಲಿ ಬಿಡಬೇಕೆಂದು ತೀರ್ಮಾನಿಸುವುದು ಆಳದ ಪಟ್ಟಿಗಳ ಮೇಲೆ: 0ಯಿಂದ 3 ಮೀಟರ್, 3ರಿಂದ 6, 6ರಿಂದ 12, 12ರಿಂದ 20, ಆಮೇಲೆ ಅದಕ್ಕೂ ಕೆಳಗೆ. ಪ್ರತಿ ಪಟ್ಟಿಯಲ್ಲೂ ಜಾಗವನ್ನು ನಕ್ಷೆಯ ಮೇಲೆ ಚೀಟಿ ಎತ್ತಿಯೇ ಆರಿಸುವುದು. ಬಲೆ ಬಿಡುವ ಮುನ್ನ ಅಣೆಕಟ್ಟೆಯ ಕಡೆಯ ಆಳದಲ್ಲಿ ಮೀಟರ್ ಮೀಟರಿಗೂ ಆಮ್ಲಜನಕ ಓದಬೇಕು. ತಳದ ನೀರು ಮೇಲಿನದರ ಜೊತೆ ಬೆರೆಯದ ದಿನಗಳಲ್ಲಿ ಕೆಳಗೆ ಆಮ್ಲಜನಕ ಇಳಿದಿರುತ್ತದೆ. ಆಳದ ಬಲೆ ಖಾಲಿ ಬಂದರೆ ಮೀನೇ ಇಲ್ಲವೋ, ಉಸಿರಾಡಲಾಗದೆ ಮೇಲೆ ಹೋಯಿತೋ ಎಂದು ಬೇರ್ಪಡಿಸಲು ಈ ಓದೇ ಆಧಾರ. ಆಮ್ಲಜನಕ ಇಲ್ಲವೆಂದು ಆಳದ ಬಲೆಯನ್ನೇ ಬಿಡದಿರುವುದು ಮಾತ್ರ ಸರಿಯಲ್ಲ.

ಹರಿಗೋಲಿನಿಂದ ಬಲೆ ಬಿಡಲು ಇಬ್ಬರು ಬೇಕು. ಒಬ್ಬರು ಹುಟ್ಟು ಹಾಕುತ್ತಾ ಹಿಂದಕ್ಕೆ ಸರಿಯುತ್ತಾರೆ, ಇನ್ನೊಬ್ಬರು ಸೀಸದ ಹಗ್ಗ ಮುಂದಾಗಿ ಬಲೆಯನ್ನು ಒಂದೇ ಸಮ ಬಿಡುತ್ತಾರೆ. ಇಬ್ಬರೂ ಒಂದೇ ಬದಿಗೆ ಎದ್ದು ನಿಂತರೆ ಹರಿಗೋಲು ಮಗುಚುತ್ತದೆ, ತೇಲುಅಂಗಿ ತೊಡದೆ ಹತ್ತಿಸಬಾರದು. ಒಂದು ತುದಿಗೆ ಕಲ್ಲು ಕಟ್ಟಿ ಇಳಿಸಿ, ಬಲೆ ಪೂರ್ತಿ ಹೋದ ಮೇಲೆ ಇನ್ನೊಂದು ತುದಿ ಎಳೆದು ಬಿಗಿ ನೋಡಿ ಎರಡನೇ ಕಲ್ಲು. ಎರಡು ಕಡೆಯೂ ನೀರಿನ ಮೇಲೆ ಗುರುತಿನ ಬೆಂಡು, ಅದರ ಮೇಲೆ ಸಂಖ್ಯೆ. ಸಂಜೆ ಆರಕ್ಕೆ ಮೊದಲ ಬಲೆ ನೀರಿಗೆ ಹೋದ ನಿಮಿಷವನ್ನೂ ಬರೆಯಬೇಕು.

ಗಿಲ್ ಬಲೆಯಿಂದ ತಪ್ಪುವ ಹಾವುಮೀನು, ಬಾಳೆಮೀನಿಗಾಗಿ ಸಾಲುಗಾಳ. ಉದ್ದ ಹಗ್ಗಕ್ಕೆ ಎರಡು ಮೀಟರಿಗೊಂದರಂತೆ 50 ಗಾಳ, ಎಲ್ಲದಕ್ಕೂ ಎರೆಹುಳು. ಅರ್ಧಕ್ಕೆ ಎರೆಹುಳು, ಅರ್ಧಕ್ಕೆ ಕೋಳಿಯ ಕರುಳು ಹಾಕಿದರೆ ಹೋಲಿಸಲಾಗದು. ಬೆಳಿಗ್ಗೆ ಎಷ್ಟು ಗಾಳದಲ್ಲಿ ಎರೆ ಉಳಿದಿತ್ತು ಎಂಬುದನ್ನೂ ಎಣಿಸಬೇಕು. ಏಡಿಗಳು ಎರೆ ಕದ್ದ ಗಾಳ ರಾತ್ರಿಯಿಡೀ ಕೆಲಸ ಮಾಡಿದಂತೆ ಲೆಕ್ಕಕ್ಕೆ ಬರಬಾರದು.

ನಾಲ್ಕನೇ ದಿನ, ಹಾರಂಗಿ: ಬಲೆ ಎತ್ತುವ ಬೆಳಗು

ಹನ್ನೆರಡು ಗಂಟೆಯ ಲೆಕ್ಕಕ್ಕೆ ಬೆಳಿಗ್ಗೆ ಆರಕ್ಕೆ ಹರಿಗೋಲು ನೀರಿನಲ್ಲಿರಬೇಕು. ಬಿಟ್ಟ ಕ್ರಮದಲ್ಲೇ ಎತ್ತಬೇಕು, ಇಲ್ಲದಿದ್ದರೆ ಒಂದು ಬಲೆ ಹತ್ತು ಗಂಟೆ, ಇನ್ನೊಂದು ಹದಿನಾಲ್ಕು ಗಂಟೆ ಮೀನು ಹಿಡಿದಂತಾಗುತ್ತದೆ. ಬಿಸಿಲೇರಿದ ಮೇಲೆ ಬಲೆಯ ಮೀನು ಕೆಡುತ್ತದೆ, ಏಡಿಗಳು ಹೊಟ್ಟೆಯನ್ನು ಖಾಲಿ ಮಾಡಿರುತ್ತವೆ. ತಲೆ ಮಾತ್ರ ಉಳಿದ ಮೀನನ್ನೂ ಎಣಿಸಬೇಕು, ತೂಕದ ಅಂಕಣದಲ್ಲಿ ಗೀಟು ಹಾಕಬೇಕು. ನೀರುನಾಯಿ ಬಂದ ಬಲೆ ಬೇರೆಯೇ ತೋರುತ್ತದೆ: ಜಾಲದಲ್ಲಿ ದೊಡ್ಡ ತೂತು, ಮೀನಿನ ಹಿಂಭಾಗ ಕಚ್ಚಿ ಎಳೆದ ಗುರುತು. ಅಂಥ ಬಲೆಯ ಅಂಕಿಯನ್ನು ಪ್ರತ್ಯೇಕ ಇಟ್ಟು ಬಲೆ ಹರಿದದ್ದನ್ನು ಷರಾದಲ್ಲಿ ಬರೆಯುವುದು.

ಬಲೆ ಬುಡಕ್ಕೆ ಸಿಕ್ಕಿಕೊಂಡರೆ ಎಳೆಯಬಾರದು. ಎಳೆದಷ್ಟೂ ಸೀಸದ ಹಗ್ಗ ಬುಡದ ಕೆಳಗೆ ಹೊಕ್ಕುತ್ತದೆ. ಇನ್ನೊಂದು ತುದಿಗೆ ಹೋಗಿ, ಬಿಟ್ಟ ದಿಕ್ಕಿಗೆ ಎದುರಾಗಿ, ಹಗ್ಗ ನೇರ ಮೇಲೆ ಬರುವಂತೆ ಹರಿಗೋಲನ್ನು ಬುಡದ ಮೇಲೆಯೇ ನಿಲ್ಲಿಸಿ ಅಲ್ಲಾಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಬಿಡದಿದ್ದರೆ ಜಾಲ ಕತ್ತರಿಸಿ ತರಬೇಕು, ನೀರಿನಲ್ಲಿ ಬಿಟ್ಟು ಬರಬಾರದು. ಬಿಟ್ಟ ನೈಲಾನ್ ಬಲೆ ಯಾರಿಗೂ ಬೇಡದ ಮೀನು ಹಿಡಿಯುತ್ತಲೇ ಇರುತ್ತದೆ.

ದಂಡೆಯಲ್ಲಿ ಮೀನು ಬಿಡಿಸುವಾಗ ತುಂಡು ತುಂಡಿಗೂ ಬೇರೆ ತಟ್ಟೆ. ಗಿರ್ಲಿನ ಬೆನ್ನಿನ ಮತ್ತು ಎದೆಯ ಮುಳ್ಳುಗಳು ಗರಗಸದ ಹಲ್ಲಿನವು, ಬಲೆಗೆ ಸುತ್ತಿಕೊಂಡರೆ ಬಿಡಿಸಲು ಒಂದೊಂದಕ್ಕೂ ನಿಮಿಷಗಳು ಹಿಡಿಯುತ್ತವೆ. ಮುಳ್ಳು ಮಡಚುವ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಜಾಲವನ್ನು ತಲೆಯ ಕಡೆಗೆ ಜಾರಿಸಬೇಕು. ಚೇಳುಮೀನು ಬಂದರೆ ಬರಿಗೈ ಇಡಬಾರದು, ಅದರ ಎದೆಯ ಮುಳ್ಳಿಗೆ ವಿಷವಿದೆ. ಚುಚ್ಚಿದರೆ ಸಹಿಸುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿಡುವುದು ಮೊದಲ ಉಪಚಾರ, ಆಮೇಲೆ ಆಸ್ಪತ್ರೆ. ಮುಳ್ಳಿನ ಮೀನುಗಳು ಕಣ್ಣಿನ ಗಾತ್ರಕ್ಕೆ ಸಂಬಂಧವಿಲ್ಲದೆ ಎಲ್ಲ ತುಂಡಿನಲ್ಲೂ ಸಿಕ್ಕಿಬೀಳುತ್ತವೆ. ಹಾಗಾಗಿ ಗಿಲ್ ಬಲೆಯ ಲೆಕ್ಕದಲ್ಲಿ ಗಿರ್ಲು ಇರುವುದಕ್ಕಿಂತ ಹೆಚ್ಚು ತೋರುತ್ತದೆ, ಜಾರುವ ಮೈಯ ಹಾವುಮೀನು ಕಡಿಮೆ ತೋರುತ್ತದೆ. ಜಾತಿಗಳನ್ನು ಒಂದರೊಡನೊಂದು ಹೋಲಿಸುವಾಗ ಇದನ್ನು ಮರೆಯಬಾರದು. ಅದೇ ಜಾತಿಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲು ಅಡ್ಡಿಯಿಲ್ಲ.

ಜಲಾಶಯಕ್ಕೆ ಬಿಡುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಲ್ಲಿ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವವು. ಬಿತ್ತನೆಯ ಮೀನನ್ನೂ ಇಲ್ಲಿಯದೇ ಆದ ಮೀನನ್ನೂ ಬೇರೆ ಅಂಕಣದಲ್ಲಿ ಬರೆಯದಿದ್ದರೆ ಒಟ್ಟು ತೂಕ ಏರಿದ್ದನ್ನು ಕಂಡು ಜಲಾಶಯ ಸುಧಾರಿಸಿತು ಎನ್ನುವ ಮಾತು ಬಂದುಬಿಡುತ್ತದೆ. ಜಿಲೇಬಿ ಮೀನು (ಟಿಲಾಪಿಯಾ) ಸಿಕ್ಕರೆ, ದೇಶದಲ್ಲಿ ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ, ಅದನ್ನು ಮರಳಿ ನೀರಿಗೆ ಬಿಡುವುದಿಲ್ಲ. ಜಾಗದ ಗುರುತಿನ ಸಮೇತ ಅದೇ ದಿನ ಇಲಾಖೆಗೆ ತಿಳಿಸುವುದು.

ವಯಸ್ಸು ತಿಳಿಯಲು ಸತ್ತ ಮೀನುಗಳಿಂದ ಮಾತ್ರ ಮಾದರಿ. ಹುರುಪೆ ಇರುವವುಗಳಿಂದ ಬೆನ್ನರೆಕ್ಕೆಯ ಕೆಳಗೆ, ಪಕ್ಕದ ಗೆರೆಯ ಮೇಲಿನ ಸಾಲಿನ ಹುರುಪೆ. ಗಿರ್ಲು, ಬಾಳೆಮೀನಿಗೆ ಹುರುಪೆಯೇ ಇಲ್ಲ, ಗಿರ್ಲಿನ ಎದೆಮುಳ್ಳನ್ನು ಬುಡದ ಹತ್ತಿರ ಕೊಯ್ದು ಅಡ್ಡಸೀಳಿನ ಉಂಗುರ ನೋಡಬೇಕು. ಕಿವಿಕಲ್ಲು, ಅಂದರೆ ಮೀನಿನ ಕಿವಿಯೊಳಗೆ ವಯಸ್ಸಿನ ಉಂಗುರ ಮೂಡುವ ಸಣ್ಣ ಕಲ್ಲು, ತೆಗೆಯುವವರು ಕಡಲಮೀನಿನ ಅಭ್ಯಾಸದಿಂದ ಸಜಿಟಾ ಎಂಬ ಕಲ್ಲನ್ನೇ ಹುಡುಕುತ್ತಾರೆ. ಗೆಂಡೆ ಮತ್ತು ಗಿರ್ಲು, ಬಾಳೆಮೀನು ಸೇರಿದ ಕ್ಯಾಟ್‌ಫಿಶ್ ವರ್ಗದಲ್ಲಿ ಅದು ಸೂಜಿಯಷ್ಟು ತೆಳು, ತೆಗೆಯುವಾಗಲೇ ಮುರಿಯುತ್ತದೆ. ಇವುಗಳಲ್ಲಿ ಕೈಗೆ ಸಿಗುವುದು ಬೇರೆ ಎರಡು ಕಲ್ಲುಗಳು.

ಲೆಕ್ಕ ಹೀಗೆ: ಒಂದು ಬಲೆಯ ವಿಸ್ತಾರ 45 ಚದರ ಮೀಟರ್. ಆ ಬಲೆಗೆ ಒಂದು ರಾತ್ರಿಯಲ್ಲಿ 1.8 ಕಿಲೋ ಬಂದರೆ 100 ಚದರ ಮೀಟರಿಗೆ ರಾತ್ರಿಗೆ 4 ಕಿಲೋ. ಪಟ್ಟಿಯಲ್ಲಿ ಬರೆಯುವುದು ಈ 4ನ್ನು, ಪಕ್ಕದಲ್ಲಿ ಆಳದ ಪಟ್ಟಿ.

ಐದನೇ ದಿನ, ಸಿದ್ದಾಪುರ ಮತ್ತು ವಾಲ್ನೂರು

ಕಾವೇರಿಯ ದೊಡ್ಡ ಮಡುಗಳಿಗೆ ಬಲೆ ಇಳಿಸುವುದಿಲ್ಲ. ವಾಲ್ನೂರಿನ ಪಾತ್ರದಲ್ಲಿ ಬಿಳಿಮೀನಿನ (ಮಹಶೀರ್) ರಕ್ಷಣೆಗೆ ಕೊಡಗು ವನ್ಯಜೀವಿ ಸಂಘ ಬಹುಕಾಲದಿಂದ ದುಡಿದಿದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಯಾವ ಜಾತಿಯದ್ದೆಂದು ಸ್ಪಷ್ಟವಾದದ್ದೇ 2018ರಲ್ಲಿ, ಟಾರ್ ರೆಮದೇವಿ ಎಂದು. ಅದೇ ವರ್ಷ ಅದನ್ನು ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಸೇರಿಸಿದರು. ಅಂಥ ನೀರಿನಲ್ಲಿ ಗಿಲ್ ಬಲೆಗೆ ಒಂದು ಮೀನು ಬಿದ್ದರೂ ಅದು ಸಮೀಕ್ಷೆಯ ಸೋಲು.

ಇಲ್ಲಿ ಕೆಲಸ ಕ್ಯಾಮೆರಾದ್ದು. ಕಬ್ಬಿಣದ ಚೌಕಟ್ಟಿನಲ್ಲಿ ಕ್ಯಾಮೆರಾ, ಅದರಿಂದ ಒಂದು ಮೀಟರ್ ಮುಂದೆ ತೂತಿನ ಡಬ್ಬಿಯಲ್ಲಿ ಎರೆ, ತಳಕ್ಕೆ ಇಳಿಸಿ 60 ನಿಮಿಷ. ಬಂದ ಮೀನನ್ನೆಲ್ಲ ಕೂಡಿಸಿದರೆ ಒಂದೇ ಮೀನು ಹತ್ತು ಸಲ ಎಣಿಕೆಯಾಗುತ್ತದೆ. ಒಂದೇ ಚೌಕಟ್ಟಿನಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯೇ ಆ ಗಂಟೆಯ ಅಂಕಿ. ನೀರಿನಲ್ಲಿ ಒಂದೂವರೆ ಮೀಟರಾದರೂ ಅಡ್ಡಕ್ಕೆ ಕಾಣದಿದ್ದರೆ ಆ ದಿನ ಬಿಡಬೇಕು. ದುಬಾರೆ, ಆನೆಕಾಡಿನ ಕಡೆಯ ದಂಡೆಯಲ್ಲಿ ಆನೆ ಇಳಿಯುವ ಹೊತ್ತು ನೋಡಿಕೊಂಡು ಸಂಜೆ ನಾಲ್ಕಕ್ಕೆಲ್ಲ ಚೌಕಟ್ಟು ಮೇಲೆತ್ತಬೇಕು. ಇರುಳಿನಲ್ಲಿ ಹೊರಡುವ ಮೀನುಗಳು ಇದರಿಂದ ತಪ್ಪುತ್ತವೆ, ಅದನ್ನು ವರದಿಯಲ್ಲಿ ಹೇಳಲೇಬೇಕು.

ಸಿದ್ದಾಪುರ, ಗುಹ್ಯದ ಕಡೆ ತೋಟದ ತೋಡುಗಳು ಹೊಳೆಗೆ ಸೇರುವ ಬಾಯಿಗಳಲ್ಲಿ ಸೂರ್ಯ ಹುಟ್ಟುವ ಮುನ್ನವೇ ಆಮ್ಲಜನಕ ಓದಬೇಕು, ದಿನದ ಅತಿ ಕಡಿಮೆ ಅಂಕಿ ಆಗ ಸಿಗುತ್ತದೆ. ಪಲ್ಪರಿನ ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆ, ಅಂಟು ಕರಗಿರುತ್ತದೆ. ಸಂಸ್ಕರಿಸದೆ ಬಿಟ್ಟರೆ ಅದನ್ನು ಕೊಳೆಸಲು ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. ಎಂಟು ಮಿಲಿಗ್ರಾಂ ಇರುವ ಹೊಳೆ ಎಲ್ಲಿಂದ ಕೊಟ್ಟೀತು? ಈಜಬಲ್ಲ ಮೀನು ಕೆಳಗೆ ಹೋಗಿ ತಪ್ಪಿಸಿಕೊಳ್ಳುತ್ತದೆ. ಕಲ್ಲಿಗೆ ಅಂಟಿ ಬದುಕುವ ಮೀನಿಗೆ ಅಷ್ಟು ದೂರ ಹೋಗುವ ಶಕ್ತಿಯಿಲ್ಲ. ಹೊಂಡ ತೋಡಿ, ಸುಣ್ಣ ಹಾಕಿ, ಅದೇ ನೀರನ್ನು ಮತ್ತೆ ಬಳಸುವ ತೋಟಗಳು ಕೊಡಗಿನಲ್ಲಿವೆ. ಅಂಥ ತೋಟದ ಕೆಳಗಿನ ತೋಡನ್ನೂ ಹೋಲಿಕೆಗೆ ಆರಿಸಿಕೊಳ್ಳುವುದು ನ್ಯಾಯ.

ಕೊನೆಯ ದಿನ, ಕುಶಾಲನಗರ

ಇಡೀ ದಿನ ಮೇಜಿನ ಕೆಲಸ. ಸೀಸೆಗಳ ಒಳಗಿನ ಚೀಟಿಯನ್ನು ಒಂದೊಂದಾಗಿ ಪುಸ್ತಕದ ಜೊತೆ ತಾಳೆ ನೋಡಬೇಕು. ಚೀಟಿ ನೀರು ತಡೆಯುವ ಕಾಗದದ್ದು, ಬರಹ ಪೆನ್ಸಿಲಿನದ್ದು. ಪೆನ್ನಿನ ಶಾಯಿ ಎಥನಾಲಿನಲ್ಲಿ ಒಂದೇ ರಾತ್ರಿಯಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಜೀಪಿನ ಕುಲುಕಾಟಕ್ಕೆ ಉದುರುತ್ತದೆ. ಜಾಗ ತಿಳಿಯದ ಮೀನು ಎಷ್ಟೇ ಅಪರೂಪದ್ದಾದರೂ ಲೆಕ್ಕಕ್ಕೆ ಬಾರದು.

ಅಂಕಿಗಳನ್ನು ಒಬ್ಬರು ಓದಿ ಇನ್ನೊಬ್ಬರು ತುಂಬಬೇಕು. ತುಂಬಿದ ಮೇಲೆ ಉದ್ದಕ್ಕೂ ತೂಕಕ್ಕೂ ಚುಕ್ಕಿ ಹಾಕಿ ನೋಡಿದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಮೀನಿನ ತೂಕ ಬಹುಮಟ್ಟಿಗೆ ಉದ್ದದ ಘನದ ಜೊತೆ ಏರುತ್ತದೆ, ಎರಡು ಪಟ್ಟು ಉದ್ದವಾದರೆ ಸುಮಾರು ಎಂಟು ಪಟ್ಟು ತೂಕ. ಸಾಲು ಬಿಟ್ಟು ದೂರ ನಿಂತ ಚುಕ್ಕಿ ಸಾಮಾನ್ಯವಾಗಿ ದಶಮಾಂಶದ ಚುಕ್ಕೆ ತಪ್ಪಿದ್ದು, ಇಲ್ಲವೇ ಬೇರೆ ಜಾತಿಯ ಹೆಸರಿಗೆ ಸೇರಿದ್ದು. ಪುಸ್ತಕ ನೋಡಿ ತಿದ್ದಬೇಕು, ಅಂದಾಜಿನಿಂದ ಅಲ್ಲ.

ಖಾಲಿ ಚೌಕ, ಖಾಲಿ ಬಲೆಗಳ ಸಾಲುಗಳಲ್ಲಿ ಸೊನ್ನೆ ಇದೆಯೇ ಎಂದು ಕೊನೆಗೆ ನೋಡಬೇಕು. ಖಾಲಿ ಬಿಟ್ಟ ಮನೆ ಮುಂದೆ ಓದುವವರಿಗೆ ಅಲ್ಲಿ ಬಲೆಯನ್ನೇ ಹಾಕಲಿಲ್ಲ ಎಂದು ಹೇಳುತ್ತದೆ. ಜಾಗಗಳ ಅಕ್ಷಾಂಶ ರೇಖಾಂಶ, ಹಾರಂಗಿಯ ಆ ದಿನದ ಮಟ್ಟ, ಬಲೆಯ ಕಣ್ಣಿನ ಪಟ್ಟಿ, ಕದಡಿದ ನಿಮಿಷ, ಎಲ್ಲದರ ಒಂದು ಪ್ರತಿ ಇಲಾಖೆಗೆ, ಇನ್ನೊಂದು ಪ್ರತಿ ಬಲೆಪೆಟ್ಟಿಗೆಯ ಒಳಗೆ. ಏಪ್ರಿಲಿನಲ್ಲಿ, ಮುಂಗಾರಿನ ಮೊದಲ ಮಳೆ ಹೊಳೆಗೆ ಕೆಂಪು ತರುವ ಮೊದಲು, ಇದೇ ಪಟ್ಟಿ ಹಿಡಿದು ಇದೇ ಜಾಗಗಳಿಗೆ ಇನ್ನೊಂದು ಸುತ್ತು ಆಗಬೇಕು.